ಬೆಂಕಿ ಕೇಳಲು ಬಂದವಳು

ನಚಿಸಾಲೆ ನಮ್ಮ ಪ್ರಾರ್ಥನೆಯ ಮನೆಗೆ ಮೊದಲ ಸಲ ಬಂದಾಗ ಅವಳ ಅಂಗಳದಲ್ಲಿ ಹನ್ನೊಂದು ಕೋಳಿಗಳಿದ್ದವು. ಹತ್ತು ಹೇಟೆ, ಒಂದು ಹುಂಜ. ಇದು ನನಗೆ ಹೇಗೆ ಗೊತ್ತು ಅಂದರೆ, ಅವುಗಳಲ್ಲಿ ಮೂರರ ತೊಡೆ ತಿಂದವನು ನಾನು. ಸಭೆಯ ಹಿರಿಯನಿಗೆ ತೊಡೆ ಬಡಿಸುವುದು ನಮ್ಮಲ್ಲಿ ಪದ್ಧತಿ. ನನ್ನ ಹೆಸರು ಜಕೇಯು. ಗ್ರಂಥದಲ್ಲಿ ಆ ಹೆಸರಿನವನು ಸ್ವಾಮಿಯನ್ನು ಮನೆಗೆ ಬರಮಾಡಿಕೊಂಡು ಸತ್ಕರಿಸಿದವನು. ನಾನು ಕರೆದ ಮನೆಗೆಲ್ಲ ಹೋಗಿ ಉಂಡು ಬಂದವನು. ಎರಡೂ ಒಂದೇ ಅಲ್ಲ ಎಂದು ನನಗೆ ತಿಳಿಯಲು ಒಬ್ಬಳು ಮುದುಕಿ ತನ್ನ ಒಲೆಗೆ ತಾನೇ ನೀರು ಸುರಿದುಕೊಳ್ಳಬೇಕಾಯಿತು.

ನಮ್ಮ ಊರು ಡೆಡ್ಜಾ ಬೆಟ್ಟದ ಬುಡದಲ್ಲಿರುವ ಕಪಲಮುಲ. ಪಾದ್ರಿಯವರು ಇರುವುದು ದೂರದ ದೊಡ್ಡ ಸಭೆಯಲ್ಲಿ. ಮೂರು ತಿಂಗಳಿಗೊಮ್ಮೆ ಮೋಟಾರು ಸೈಕಲ್ಲಿನಲ್ಲಿ ಬಂದು, ದೀಕ್ಷಾಸ್ನಾನ ಕೊಡುವುದಿದ್ದರೆ ಕೊಟ್ಟು, ನೆಗಡಿ ಹತ್ತಿಸಿಕೊಂಡು ಹೋಗುತ್ತಾರೆ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ, ಹೊಸಬರ ಪಾಠ, ಹಾಜರಿ ಪುಸ್ತಕ ಎಲ್ಲ ನನ್ನ ಕೈಯಲ್ಲಿ.

ನಚಿಸಾಲೆ ಗಡಿಗೆ ಮಾಡುವವಳು. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹಳ್ಳದ ಆಚೆ ಅವಳದೊಂದೇ ಮನೆ. ನಮ್ಮ ಊರಿನ ಅರ್ಧದಷ್ಟು ನೀರು ಅವಳ ಗಡಿಗೆಗಳಲ್ಲೇ ತಂಪಾಗುತ್ತಿತ್ತು, ಆದರೆ ಅವಳು ಒಂದು ದಿನವೂ ಪ್ರಾರ್ಥನೆಗೆ ಬಂದವಳಲ್ಲ. ಒಂದು ಜೂನ್ ತಿಂಗಳ ಭಾನುವಾರ ಬಂದು ಬಾಗಿಲ ಪಕ್ಕದಲ್ಲಿ ಕುಳಿತಳು. ಯಾಕೆ ಬಂದೆ ಎಂದು ಕೇಳಿದ್ದಕ್ಕೆ, "ಹಳ್ಳದಲ್ಲಿ ಮಣ್ಣು ಅಗೀವಾಗ ನಿಮ್ಮ ಹಾಡು ಕೇಳ್ಸುತ್ತೆ. ಒಬ್ರು ಯಾವಾಗ್ಲೂ ಹಿಂದೆ ಬೀಳ್ತಾರೆ. ಯಾರು ಅಂತ ನೋಡೋಕೆ ಬಂದೆ" ಅಂದಳು.

ಹಿಂದೆ ಬೀಳುವವನು ನಮ್ಮ ಹಾಡುಗಾರರ ಮುಖಂಡ ಲಮೇಕಿಯೇ. ಯಾರೂ ಹೇಳಲಿಲ್ಲ.

ಮರುವಾರವೂ ಬಂದಳು. ಅದರ ಮರುವಾರ ಹೊಸಬರ ಪಾಠಕ್ಕೆ ಹೆಸರು ಬರೆಸಿದಳು. ಆ ವರ್ಷ ಪಾಠದಲ್ಲಿ ಅವಳನ್ನು ಬಿಟ್ಟರೆ ಆರು ಮಕ್ಕಳು, ಎಲ್ಲರೂ ಸಭೆಯವರ ಮನೆಯವೇ. ಅವಳು ಅವರ ನಡುವೆ ಕಾಲು ನೀಡಿಕೊಂಡು ಕೂತು, ಕೈಯಲ್ಲಿ ಯಾವಾಗಲೂ ಒಂದು ಉಂಡೆ ಮಣ್ಣು ಹಿಸುಕುತ್ತ ಕೇಳುತ್ತಿದ್ದಳು. ಓದಲು ಬಾರದು. ಆದರೆ ಹೇಳಿದ್ದು ಮರೆಯುತ್ತಿರಲಿಲ್ಲ.

ಪಾಠಕ್ಕೆ ಒಂದು ನಿಯಮವಿದೆ. ಒಂದು ವರ್ಷ ಕೇಳಬೇಕು. ಮುಂದಿನ ಜೂನ್ ಮೊದಲ ಭಾನುವಾರ ಪಾದ್ರಿಯವರು ಬಂದು ಪರೀಕ್ಷಿಸಿ ಸ್ನಾನ ಕೊಡುತ್ತಾರೆ. ನಡುವೆ ಸಾಲಾಗಿ ಮೂರು ಭಾನುವಾರ ತಪ್ಪಿಸಿದವರ ಹೆಸರು ಹೊಡೆದುಹಾಕಬೇಕು. ಹೊಡೆದ ಮೇಲೆ ಮತ್ತೆ ಸೇರಲು ಎರಡು ವರ್ಷ ಕಾಯಬೇಕು. ಇದನ್ನು ಯಾರು ಮಾಡಿದರೋ ತಿಳಿಯದು. ಹಾಜರಿ ಪುಸ್ತಕದ ಮೊದಲ ಪುಟದಲ್ಲಿದೆ. ಅಕ್ಷರ ಚೆನ್ನಾಗಿದೆ, ಅದಕ್ಕೇ ಪಾಲಿಸುತ್ತ ಬಂದಿದ್ದೇವೆ.

ಜನವರಿಯಲ್ಲಿ ಬಂದಾಗ ಪಾದ್ರಿಯವರು ಅವಳನ್ನು ನೋಡಿ ಬಹಳ ಸಂತೋಷಪಟ್ಟರು. "ಹೊಸದಾಗಿ ನಂಬಿದವರು ಎಳೆ ಮಗುವಿನ ಹಾಗೆ. ಒಂಟಿಯಾಗಿ ಬಿಡಬೇಡಿ. ಮನೆಗೆ ಹೋಗ್ತಾ ಬರ್ತಾ ಇರಿ" ಎಂದು ನಮಗೆಲ್ಲ ಹೇಳಿ ಹೋದರು.

ನಾವು ಹೇಳಿದ್ದನ್ನು ಮಾಡುವ ಜನ. ಮೊದಲು ಮಹಿಳಾ ಕೂಟದವರು ಹೋದರು. ನನ್ನ ಹೆಂಡತಿ ಡೊರಿಕಾ ಅದರ ಮುಖ್ಯಸ್ಥೆ. ನಂತರ ನಾವು ಹಿರಿಯರು. ನಂತರ ಲಮೇಕಿಯ ಹಾಡುಗಾರರು. ಯುವಕರು. ಹತ್ತಿರದ ಊರಿನ ಪ್ರಾರ್ಥನೆಯ ಮನೆಯವರು. ಛಾವಣಿ ಸಮಿತಿಯವರು ಸಹ ಹೋದರು. ಪ್ರಾರ್ಥನೆಯ ಮನೆಗೆ ಹೊಸ ಹುಲ್ಲು ಹೊದಿಸಲು ಮಾಡಿದ ಸಮಿತಿ ಅದು, ಅಲ್ಲಿಯವರೆಗೆ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಬೇರೆ ವರ್ಷಗಳಲ್ಲಿ ಐದಾರು ಮನೆಗಳಿಗೆ ಹಂಚಿಹೋಗುತ್ತಿದ್ದ ಪ್ರೀತಿ ಆ ವರ್ಷ ಒಂದೇ ಮನೆಯ ಮೇಲೆ ಬಿತ್ತು.

ಹೋದವರು ಅಂಗಳದಂಚಿನಲ್ಲಿ ನಿಂತು ಕೂಗುತ್ತಿದ್ದರು. ನಚಿಸಾಲೆ ಬಂದು ಮಂಡಿಯೂರಿ ಸ್ವಾಗತಿಸಿ, ಚಾಪೆ ಹಾಸಿ, ಹಿತ್ತಲಿಗೆ ಹೋಗುತ್ತಿದ್ದಳು. ನಾವು ಹಾಡುತ್ತಿದ್ದೆವು. ಹಿತ್ತಲಲ್ಲಿ ಒಂದು ಕೋಳಿ ಕೂಗುತ್ತಿತ್ತು, ಆಮೇಲೆ ಕೂಗುತ್ತಿರಲಿಲ್ಲ. ಕೈತೊಳೆಯಲು ನೀರು ಬರುತ್ತಿತ್ತು, ಮೆಕ್ಕೆಜೋಳದ ಮುದ್ದೆ ಬರುತ್ತಿತ್ತು, ಸಾರು ಬರುತ್ತಿತ್ತು. ಉಂಡು, ಅವಳಿಗಾಗಿ ದೀರ್ಘವಾಗಿ ಪ್ರಾರ್ಥಿಸಿ ಬರುತ್ತಿದ್ದೆವು. ಅತಿಥಿಗಳಿಗೆ ಕೋಳಿ ಕೊಯ್ಯದ ಮನೆ ನಮ್ಮಲ್ಲಿಲ್ಲ. ಕೊಯ್ದದ್ದನ್ನು ಬೇಡ ಅನ್ನುವ ಅತಿಥಿಯೂ ಇಲ್ಲ. ಬೇಡ ಅಂದರೆ ನೀನು ಅನ್ನದಲ್ಲಿ ಮಾಟ ಬೆರೆಸಿದ್ದೀಯ ಅಂದಂತೆ. ಒಂಟಿ ಮುದುಕಿಗೆ ಆ ಮಾತು ಬಂದರೆ ಆಮೇಲೆ ಊರಲ್ಲಿ ಬದುಕುವುದು ಕಷ್ಟ.

ಈಸ್ಟರ್ ಹತ್ತಿರ ಬಂದಾಗ ಒಂದು ಭಾನುವಾರ ಅವಳು ನನ್ನನ್ನು ಕೇಳಿದಳು: "ಹಿರಿಯರೇ, ಇನ್ನೂ ಎಷ್ಟು ಗುಂಪುಗಳಿದಾವೆ?"

ಸಹವಾಸಕ್ಕೆ ಎಷ್ಟು ಹಂಬಲಿಸುತ್ತಾಳೆ ಎಂದು ನನ್ನ ಮನಸ್ಸು ತುಂಬಿಬಂತು. ಲಮೇಕಿಗೆ ಹೇಳಿದೆ. ಹಾಡುಗಾರರು ಎರಡನೇ ಸಲ ಹೋದರು.

ಮೇ ತಿಂಗಳ ಮೊದಲ ಭಾನುವಾರ ನಚಿಸಾಲೆ ಬರಲಿಲ್ಲ. ಮೈ ಸರಿಯಿಲ್ಲವೇನೋ ಅಂದುಕೊಂಡೆವು. ಎರಡನೇ ಭಾನುವಾರವೂ ಬರಲಿಲ್ಲ. ಆದರೆ ಅವಳು ಹಳ್ಳದಲ್ಲಿ ಮಣ್ಣು ಅಗೆಯುತ್ತಿದ್ದುದನ್ನು ಮಕ್ಕಳು ನೋಡಿದ್ದರು. ಮೂರನೆಯದು ತಪ್ಪಿದರೆ ಹೆಸರು ಹೊಡೆಯಬೇಕು. ಎರಡನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿದೆ.

"ಆಕೆ ಹಿಂದೆ ಸರೀತಿದಾಳೆ," ಲಮೇಕಿ ಅಂದ. "ಸಣ್ಣ ಸಣ್ಣ ಗುಂಪಲ್ಲಿ ಹೋಗಿದ್ದೇ ತಪ್ಪಾಯ್ತು. ಎಲ್ರೂ ಸೇರಿ ದೊಡ್ಡದಾಗಿ ಹೋಗ್ಬೇಕು."

ಶನಿವಾರ ಹದಿನಾಲ್ಕು ಜನ ಹೋಗುವುದು ಎಂದಾಯಿತು. ಯಾವ ಹಾಡು ಎಂಬುದೂ ಗೊತ್ತಾಯಿತು. ಆಗ ಮೂಲೆಯಿಂದ ಫಾಲೇಸಿ ಅಜ್ಜಿ ಮಾತಾಡಿದಳು. ಎಂಬತ್ತು ದಾಟಿದವಳು, ಕಣ್ಣು ಮಂಜು, ಮಂಡಿ ನೋವು. ನಮ್ಮ ಯಾವ ಗುಂಪಿನಲ್ಲೂ ನಚಿಸಾಲೆಯ ಮನೆಗೆ ಹೋಗಿರಲಿಲ್ಲ. ಹಳ್ಳದ ಈಚೆ ದಡದಲ್ಲಿ, ನಚಿಸಾಲೆಯ ಮನೆಗೆ ಎದುರಾಗಿ ಅವಳ ಗುಡಿಸಲು.

"ಅವಳ ಹುಂಜ ಏನಾಯ್ತು?" ಅಂದಳು.

"ಯಾವ ಹುಂಜ ಅಜ್ಜಿ?"

"ನಂಗೆ ಕಣ್ಣು ಕಾಣಲ್ಲ. ಬೆಳಗಾಯ್ತು ಅಂತ ಗೊತ್ತಾಗ್ತಿದ್ದಿದ್ದೇ ಹಳ್ಳದಾಚೆ ಆ ಹುಂಜ ಕೂಗಿದ್ರೆ. ಈಸ್ಟರ್ ಆದ್ಮೇಲೆ ಅದು ಕೂಗಿಲ್ಲ. ನಾನು ಏಳೋದೇ ತಡ ಆಗ್ತಿದೆ."

ಹಾಡುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಗಟ್ಟಿ ಇತ್ತು," ಅಂದ ಲಮೇಕಿ.

"ಹುಂಜ ಕೊಯ್ದಳು ಅಂದ್ರೆ ಹೇಟೆ ಎಷ್ಟು ಉಳಿದಿದಾವೆ?"

ಆಗ ಎಣಿಸಿದೆವು. ಮಹಿಳಾ ಕೂಟ ಎರಡು. ಹಿರಿಯರು ಮೂರು. ಹಾಡುಗಾರರು ಎರಡು. ಯುವಕರು, ಪಕ್ಕದೂರಿನವರು, ಛಾವಣಿ ಸಮಿತಿ ಒಂದೊಂದು. ಒಂದು ಚುಕ್ಕಿ ಹೇಟೆ ಉಳಿದಿತ್ತು. ಅದು ಮೊಟ್ಟೆಯ ಮೇಲೆ ಕಾವು ಕೂತಿದೆ ಎಂದು ಡೊರಿಕಾಗೆ ಗೊತ್ತಿತ್ತು.

"ಹೋಗಿ ತಿನ್ನದೆ ಬರೋಣ," ಅಂದಳು ಡೊರಿಕಾ.

"ಮಾಟಗಾತಿ ಅಂತ ಬಾಯ್ಬಿಟ್ಟು ಹೇಳಿದ್ರೂ ಆಗುತ್ತೆ, ನಡೆದು ಮಂಡಿ ನೋಯೋದಾದ್ರೂ ತಪ್ಪುತ್ತೆ," ಅಂದಳು ಅಜ್ಜಿ.

"ಹಿಟ್ಟು ನಾವೇ ತಗೊಂಡು ಹೋಗೋಣ," ಅಂದ ಛಾವಣಿ ಸಮಿತಿಯವನೊಬ್ಬ.

"ಹಿಟ್ಟು ಹೊತ್ಕೊಂಡು ಹೋಗೋದು ಯಾರ ಮನೆಗೆ?" ಅಜ್ಜಿ ಕೇಳಿದಳು.

ನಮ್ಮಲ್ಲಿ ಹಿಟ್ಟು ಹೊತ್ತುಕೊಂಡು ಹೋಗುವುದು ಸಾವಾದ ಮನೆಗೆ. ನಚಿಸಾಲೆಯ ಮನೆಯಲ್ಲಿ ಇದ್ದವಳು ಅವಳೊಬ್ಬಳೇ.

"ಹಾಗಾದ್ರೆ ಕೋಳಿಗಳನ್ನೇ ವಾಪಸ್ ಕೊಟ್ಬಿಡೋಣ. ಮನೆಗೊಂದು," ಅಂದೆ ನಾನು.

"ಅವಳು ಕೊಟ್ಟಿದ್ದನ್ನ ಅವಳ ಮುಖಕ್ಕೇ ಎಸೆಯೋದಾ?" ಅಜ್ಜಿ ಕೋಲು ಊರಿಕೊಂಡು ಎದ್ದಳು. "ಜಕೇಯು, ಶನಿವಾರದವರೆಗೆ ಯಾರೂ ಹಳ್ಳ ದಾಟಬೇಡಿ ಅಂತ ಹೇಳು. ನಾನು ಹೋಗ್ತೀನಿ."

"ನೀವೊಬ್ರೇ ಹೋಗಿ ಏನ್ಮಾಡ್ತೀರಿ ಅಜ್ಜಿ?" ಲಮೇಕಿ ಕೇಳಿದ. "ಹಾಡೋಕೆ ದನಿ ಕೂಡ ಇಲ್ಲ."

"ಇಲ್ಲ," ಅಂದಳು ಅಜ್ಜಿ. "ಪುಣ್ಯ."

ಮರುದಿನ ಬೆಳಿಗ್ಗೆ ನಾನು ಕುಡುಗೋಲು ಹಿಡಿದು ಹಳ್ಳದ ಕಡೆ ಹೊರಟೆ. ಹುಲ್ಲು ಕೊಯ್ಯಲು ಎಂದು ಡೊರಿಕಾಗೆ ಹೇಳಿದ್ದೆ. ಅವಳು ನಗಲಿಲ್ಲ, ಅಷ್ಟೇ. ಅಜ್ಜಿಯ ಗುಡಿಸಲ ಮುಂದೆ ಬಂದಾಗ ಅವಳ ಒಲೆ ಚೆನ್ನಾಗಿ ಉರಿಯುತ್ತಿತ್ತು. ಅಜ್ಜಿ ಒಂದು ಸೋರೆಬುರುಡೆ ತುಂಬ ನೀರು ತಂದು, ಒಲೆಯ ಮುಂದೆ ಕೂತು, ಮೂರು ಕಲ್ಲುಗಳ ನಡುವೆ ನಿಧಾನವಾಗಿ ಸುರಿದಳು. ಬೂದಿ ಭುಸ್ಸೆಂದು ಎದ್ದಿತು. ನಮ್ಮ ಬೆಟ್ಟದ ಬುಡದಲ್ಲಿ ಮೇ ಅಂದರೆ ಚಳಿಗಾಲ.

"ಯಾರದು?"

"ನಾನು, ಜಕೇಯು."

"ನೋಡಿದ್ಯಾ?"

"ನೋಡಿದೆ."

"ಹಾಗಾದ್ರೆ ನಿಂತ್ಕೊಂಡು ಏನ್ಮಾಡ್ತೀಯ? ಹಳ್ಳ ದಾಟಿಸು."

ಒಂದು ಒಡೆದ ಗಡಿಗೆಯ ಚೂರು ಹಿಡಿದುಕೊಂಡಳು. ಕೈಹಿಡಿದು ದಾಟಿಸಿದೆ. ನಚಿಸಾಲೆಯ ಬೇಲಿ ಹುಲ್ಲಿನದು. ಅದರ ಹೊರಗೆ ಹುಲ್ಲು ಎದೆಮಟ್ಟ ಬೆಳೆದಿತ್ತು. ನಾನು ಅಲ್ಲೇ ಕೊಯ್ಯತೊಡಗಿದೆ. ಹಿರಿಯನಾದವನು ಕದ್ದು ಕೇಳಬಾರದು ಎಂದು ನನಗೆ ಗೊತ್ತಿತ್ತು. ಹುಲ್ಲು ಮಾತ್ರ ಒಳ್ಳೆಯದಿತ್ತು.

"ತಂಗೀ, ಬೆಂಕಿ ಇದೆಯಾ?"

ನಚಿಸಾಲೆ ಎದ್ದು ಬಂದ ಸದ್ದಾಯಿತು. ಚಾಪೆ ಎಳೆದ ಸದ್ದೂ ಆಯಿತು. "ಬನ್ನಿ ಅಕ್ಕಾ, ಕೂತ್ಕೊಳ್ಳಿ."

"ಚಾಪೆ ಬೇಡ. ನಾನು ನೆಂಟಸ್ತಿಕೆಗೆ ಬಂದಿಲ್ಲ, ಬೆಂಕಿಗೆ ಬಂದೆ. ಒಂದು ಕೆಂಡ ಕೊಡು, ಹೋಗ್ತೀನಿ."

ಬೆಂಕಿ ಕೇಳಲು ಬಂದವರಿಗೆ ಯಾರೂ ಅಡುಗೆ ಮಾಡುವುದಿಲ್ಲ. ಅವರು ಕೂರುವುದು ಒಲೆಯ ಪಕ್ಕದ ಮಣ್ಣಿನ ಮೇಲೆ, ಕೆಂಡ ಹಿಡಿಯುವಷ್ಟು ಹೊತ್ತು. ನನಗೆ ಅರವತ್ತು ವರ್ಷದಿಂದ ಗೊತ್ತಿದ್ದ ಸಂಗತಿ ಇದು, ಹಿಂದಿನ ದಿನ ಸಭೆಯಲ್ಲಿ ಹೊಳೆದಿರಲಿಲ್ಲ.

"ನಿಮ್ಮ ಒಲೆಗೆ ಏನಾಯ್ತು?"

"ಆರಿಹೋಯ್ತು."

"ಹೇಗೆ?"

"ನೀರು ಬಿತ್ತು."

"ಎಲ್ಲಿಂದ?"

"ಮೇಲಿಂದ," ಅಂದಳು ಅಜ್ಜಿ. ಅವಳು ಸುಳ್ಳು ಹೇಳುವವಳಲ್ಲ.

ಆ ಮುಂಜಾನೆ ಅಷ್ಟೇ. ಮಂಗಳವಾರವೂ ಅಜ್ಜಿಯ ಒಲೆಗೆ ಮೇಲಿಂದ ನೀರು ಬಿತ್ತು. ಅಂದು ಕೆಂಡ ಊದುತ್ತ, ಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಅಜ್ಜಿ ಮೆಲ್ಲಗೆ ಹೇಳಿಕೊಂಡಳು. ಊದುವುದಕ್ಕೆ ಉಸಿರು ಸಾಲದೆ ನಡುವೆ ನಿಂತಾಗ ಮುಂದಿನ ಮಾತನ್ನು ನಚಿಸಾಲೆ ಹೇಳಿದಳು. ಬುಧವಾರ ಇಬ್ಬರೂ ಸೇರಿ ಹೇಳಿದರು. ಆದರೆ ಅನುದಿನದ ಆಹಾರ ಕೇಳುವ ಕಡೆ ಬಂದಾಗ ನಚಿಸಾಲೆಯ ದನಿ ನಿಂತಿತು.

"ಯಾಕೆ ತಂಗೀ? ಇದು ಗೊತ್ತಲ್ಲ ನಿಂಗೆ."

"ಗೊತ್ತು. ಹೇಳೋಕೆ ಭಯ."

"ಯಾಕೆ?"

"ದೇವರು ಕೊಟ್ಟ ಕೂಡ್ಲೇ ಹಾಡುಗಾರರು ಬರ್ತಾರೆ."

ಬೇಲಿಯ ಈಚೆ ನಾನು ಕೊಯ್ಯುವುದನ್ನು ನಿಲ್ಲಿಸಿದೆ. ಅಜ್ಜಿ ನಗಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೆಂಡ ಊದಿದಳು.

ಗುರುವಾರ ನಚಿಸಾಲೆ ತಾನಾಗಿ ಮಾತೆತ್ತಿದಳು. ಅಷ್ಟರಲ್ಲಿ ಅಜ್ಜಿ ಬರುವ ಹೊತ್ತಿಗೆ ಅವಳು ಒಳ್ಳೆಯ ಕೆಂಡಗಳನ್ನು ಆರಿಸಿ ಒಂದು ಪಕ್ಕ ಇಡುತ್ತಿದ್ದಳು.

"ಅಕ್ಕಾ, ನಾನು ಈ ವರ್ಷ ಮುಗಿಸೋಕಾಗಲ್ಲ. ಚುಕ್ಕಿ ಹೇಟೆ ಕಾವು ಕೂತಿದೆ. ಮರಿ ಆಗ್ಲಿ, ದೊಡ್ಡವಾಗ್ಲಿ. ಆಮೇಲೆ ಬರ್ತೀನಿ."

"ಏನನ್ನ ಮುಗಿಸೋದು?"

"ಅದೇ, ಫುಂಗುಗಳಿಗೆ ಕೊಡೋದು."

ನಮ್ಮ ಹೆಣ್ಣುಮಕ್ಕಳು ಮೈನೆರೆದಾಗ ಚಿನಮ್ವಾಲಿ ಎಂಬ ಶಾಸ್ತ್ರ ಮಾಡುತ್ತೇವೆ. ಬದುಕುವ ರೀತಿ ಕಲಿಸಲು ಪ್ರತಿ ಹುಡುಗಿಗೂ ಫುಂಗುಗಳು, ಅಂದರೆ ಕಲಿಸುವ ಹಿರಿಯ ಹೆಂಗಸರು, ಇರುತ್ತಾರೆ. ಒಬ್ಬೊಬ್ಬ ಫುಂಗುವಿಗೂ ಹುಡುಗಿಯ ಮನೆಯವರು ಕೋಳಿ ಕೊಡಬೇಕು. ಎಲ್ಲ ಫುಂಗುಗಳೂ ಉಂಡು ಎದ್ದ ಮೇಲೆಯೇ ಹುಡುಗಿ ಹೆಂಗಸಾದಳು ಎಂದು ಹೊರಗೆ ಕರೆತರುವುದು. ಯಾರಾದರೂ ಒಬ್ಬರಿಗೆ ತಪ್ಪಿದರೆ ಹುಡುಗಿ ಒಳಗೇ ಉಳಿಯುತ್ತಾಳೆ. ನಚಿಸಾಲೆಗೆ ಹೊಸ ಬದುಕಿಗೆ ಕಾಲಿಡುವ ದಾರಿ ಎಂದರೆ ಗೊತ್ತಿದ್ದದ್ದು ಅದೊಂದೇ. ನಾವು ಗುಂಪು ಗುಂಪಾಗಿ ಬಂದು, ಕಲಿಸಿ, ಉಂಡು ಹೋದೆವು. ಅವಳು ಎಣಿಸುತ್ತ ಹೋದಳು.

"ಸ್ನಾನಕ್ಕೆ ಕೋಳಿ ಕೊಡ್ಬೇಕು ಅಂತ ನಿಂಗೆ ಯಾರು ಹೇಳಿದ್ದು?" ಅಜ್ಜಿ ಕೇಳಿದಳು.

"ಯಾರೂ ಹೇಳ್ಲಿಲ್ಲ," ಅಂದಳು ನಚಿಸಾಲೆ. "ತಿಂದ್ರು."

ಬೇಲಿ ಹಾರಿ ಒಳಗೆ ಹೋಗಿ ಎಲ್ಲ ಬಿಡಿಸಿ ಹೇಳಬೇಕೆನಿಸಿತು. ದೇವರ ಕೃಪೆಗೆ ಬೆಲೆಯಿಲ್ಲ, ಅದು ಉಚಿತ ಎಂಬ ಬಗ್ಗೆ ನನ್ನದೊಂದು ಪಾಠವಿದೆ. ಮುಕ್ಕಾಲು ಗಂಟೆಯದು, ನಾಲ್ಕು ಭಾಗಗಳಿವೆ. ಆಮೇಲೆ ನೆನಪಾಯಿತು: ಆ ಪಾಠವನ್ನು ನಚಿಸಾಲೆ ಮಾರ್ಚಿನಲ್ಲೇ ಕೇಳಿದ್ದಾಳೆ. ಮಣ್ಣಿನುಂಡೆ ಹಿಸುಕುತ್ತ, ಕೊನೆಯವರೆಗೂ. ಅಂದು ಪಾಠ ಮುಗಿಸಿ ನಾವು ಹಿರಿಯರು ನೇರವಾಗಿ ಅವಳ ಮನೆಗೇ ಹೋಗಿದ್ದೆವು. ಕಪ್ಪು ಹೇಟೆ. ತೊಡೆ ಮೆತ್ತಗಿತ್ತು.

ನಾನು ಹುಲ್ಲಿನಲ್ಲೇ ಕೂತೆ.

ಒಳಗೆ ಅಜ್ಜಿ ಕೇಳುತ್ತಿದ್ದಳು: "ತಂಗೀ, ನಾಲ್ಕು ದಿನದಿಂದ ಬೆಂಕಿ ತಗೊಂಡು ಹೋಗ್ತಿದೀನಿ. ನಿಂಗೆ ಏನು ಕೊಟ್ಟೆ?"

"ಬೆಂಕಿಗೆ ಯಾರಾದ್ರೂ ಕೊಡ್ತಾರಾ?"

"ಕೊಡಲ್ಲ. ನಿನ್ನ ಬೆಂಕಿ ಕಮ್ಮಿ ಆಯ್ತಾ?"

"ಇಲ್ವಲ್ಲ."

"ನನ್ನ ಒಲೆ ಹತ್ತಿತಾ?"

"ಹತ್ತಿರ್ಬೇಕು. ಹೊಗೆ ಕಾಣ್ಸುತ್ತೆ ಇಲ್ಲಿಗೆ."

"ಹೂಂ," ಅಂದಳು ಅಜ್ಜಿ. ಮಂಡಿ ಹಿಡಿದುಕೊಂಡು ಎದ್ದಳು. ಅವಳ ಪಾಠ ಅಷ್ಟೇ. ಭಾಗಗಳಿರಲಿಲ್ಲ.

ಹಳ್ಳ ದಾಟುವಾಗ ನಾನು ಅಂದೆ: "ಅಜ್ಜಿ, ಭಾನುವಾರ ಬಾ ಅಂತ ಒಂದು ಮಾತು ಹೇಳ್ಬಾರ್ದಾ? ಮೂರನೇದು ತಪ್ಪಿದ್ರೆ ನಾನು ಹೆಸರು ಹೊಡೀಬೇಕು."

"ಹೆಸರು ಹೊಡೆಯೋನು ನೀನು. ಹೊಡೀಬೇಡ ಅಂತ ನಿಂಗೆ ನೀನೇ ಹೇಳ್ಕೋ."

"ನಿಯಮ ಇದೆ ಅಜ್ಜಿ."

"ಇದೆ. ಜಾರ್ತೀಯ, ಆ ಕಲ್ಲು ನೋಡ್ಕೋ."

ಶುಕ್ರವಾರ, ಶನಿವಾರವೂ ಅಜ್ಜಿ ಬೆಂಕಿ ತಂದಳು. ಶನಿವಾರದ ಹದಿನಾಲ್ಕು ಜನರನ್ನು ನಾನು ಹುಲ್ಲು ಕೊಯ್ಯಲು ಕಳಿಸಿದೆ. ಲಮೇಕಿಗೆ ಇಷ್ಟವಿರಲಿಲ್ಲ, ಹಾಡು ಚೆನ್ನಾಗಿ ಕೂತಿತ್ತಂತೆ. ಹುಲ್ಲಿಗೆ ಹಾಡು ಅಂದೆ. ಛಾವಣಿ ಸಮಿತಿ ಹುಟ್ಟಿದ ಮೇಲೆ ಮೊದಲ ಸಲ ಹುಲ್ಲಿನ ಹೊರೆ ಪ್ರಾರ್ಥನೆಯ ಮನೆಯ ಹಿಂದೆ ಬಂದು ಬಿತ್ತು.

ಭಾನುವಾರ ಬಂತು. ಹಾಜರಿ ಕರೆಯುವ ಹೊತ್ತಾಯಿತು. ಬಾಗಿಲ ಪಕ್ಕದ ಜಾಗ ಖಾಲಿ. ಪುಸ್ತಕ ತೆರೆದು ಮಕ್ಕಳ ಹೆಸರು ಕರೆಯತೊಡಗಿದೆ. ಒಬ್ಬೊಬ್ಬರದೂ ತಂದೆಯ ಹೆಸರು, ಅಜ್ಜನ ಹೆಸರು ಸೇರಿಸಿ ಕರೆದೆ. ಒಬ್ಬ ಹುಡುಗಿಗೆ ತನ್ನ ಅಜ್ಜನ ಹೆಸರು ಅಂದೇ ತಿಳಿದದ್ದು.

"ಹಿರಿಯರೇ," ಅಂದ ಲಮೇಕಿ, "ಆಕೆ ಹೆಸರು ಮೂರನೇದು. ಬಿಟ್ರಿ."

"ಇವತ್ತು ಕೆಳಗಿನಿಂದ ಕರೀತಿದೀನಿ."

"ಏಳು ಹೆಸರು. ಕೆಳಗಿನಿಂದ ಕರೆದ್ರೆ ಐದನೇದು. ಆಗ್ಲೇ ಆರು ಕರೆದ್ರಿ."

"ಕನ್ನಡಕ ಸರಿ ಇಲ್ಲ," ಅಂದೆ. ಕನ್ನಡಕ ಸರಿಯಾಗಿತ್ತು. ಆ ಸುಳ್ಳನ್ನು ಆಮೇಲೆ ದೇವರ ಮುಂದೆ ಇಟ್ಟಿದ್ದೇನೆ.

ಇನ್ನು ಉಳಿದದ್ದು ಒಂದೇ ಹೆಸರು. ಅದನ್ನು ಕರೆದೆ. ಯಾರೂ ಓಗೊಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದರು. ಎರಡು ವರ್ಷ ಅಂದರೆ ಅರವತ್ತು ದಾಟಿದವಳಿಗೆ ಎಷ್ಟು ಎಂದು ಯೋಚಿಸಿದೆ. ಪೆನ್ನಿನ ಮುಚ್ಚಳ ಹಾಕಿದೆ. ಮೊದಲ ಪುಟ ತಿರುವಿ ಆ ನಿಯಮವನ್ನು ಇನ್ನೊಮ್ಮೆ ಓದಿದೆ. ಅಕ್ಷರ ಮೊದಲಿನಷ್ಟು ಚೆನ್ನಾಗಿ ಕಾಣಲಿಲ್ಲ.

"ಮುಂದಿನ ವಾರ ನೋಡೋಣ," ಅಂದೆ.

"ಮುಂದಿನ ವಾರ ನಾಲ್ಕಾಗುತ್ತೆ," ಲಮೇಕಿ ಅಂದ.

"ಆಗ್ಲಿ. ಐದಾಗ್ಲಿ. ಆಕೆ ಬರೋವರೆಗೂ ಈ ಪುಟ ಮುಚ್ಚಲ್ಲ. ನಾವು ತಿಂದು ಮುಗಿಸೋವರೆಗೂ ಆಕೆ ಕಾದಿಲ್ವಾ?"

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಹೊಗೆ ಕಾಣಿಸಿತು. ಹೊಗೆಯ ಹಿಂದೆ ನಚಿಸಾಲೆ. ಒಂದು ಕೈಯಲ್ಲಿ ಕೆಂಡ ತುಂಬಿದ ಗಡಿಗೆಚೂರು, ಇನ್ನೊಂದು ಕೈಗೆ ಜೋತುಬಿದ್ದ ಫಾಲೇಸಿ ಅಜ್ಜಿ, ಮಹಿಳಾ ಕೂಟದ ಬಿಳಿ ರವಿಕೆಯಲ್ಲಿ.

ಆಗಿದ್ದು ಇಷ್ಟು. ಭಾನುವಾರ ಬೆಳಿಗ್ಗೆ ಅಜ್ಜಿ ಬೆಂಕಿಗೆ ಬರಲಿಲ್ಲ. ನಚಿಸಾಲೆ ಕಾದಳು. ಆರಿಸಿಟ್ಟ ಕೆಂಡ ಬೂದಿಯಾಗುತ್ತ ಬಂತು. ಮುದುಕಿಗೆ ಏನಾಯಿತೋ, ಚಳಿಯಲ್ಲಿ ಒಲೆಯಿಲ್ಲದೆ ಬಿದ್ದಿದ್ದಾಳೋ ಎಂದು ಕೆಂಡ ಹಿಡಿದುಕೊಂಡು ತಾನೇ ಹಳ್ಳ ದಾಟಿದಳು. ನೋಡಿದರೆ ಅಜ್ಜಿ ಸ್ನಾನ ಮಾಡಿ, ಬಿಳಿ ರವಿಕೆ ತೊಟ್ಟು ಕೂತಿದ್ದಾಳೆ. ಹಿಂದೆ ಒಲೆ ಧಗಧಗ ಉರಿಯುತ್ತಿದೆ.

"ಉರೀತಿದೆಯಲ್ಲಾ ಅಕ್ಕಾ."

"ಹೂಂ."

"ಇವತ್ತು ಮೇಲಿಂದ ನೀರು ಬೀಳ್ಲಿಲ್ವಾ?"

"ಭಾನುವಾರ ನಾನು ಕೆಲಸ ಮಾಡಲ್ಲ," ಅಂದಳಂತೆ ಅಜ್ಜಿ.

ನಚಿಸಾಲೆ ಒದ್ದೆಯ ಬೂದಿಯ ಗುಡ್ಡೆಯನ್ನು ನೋಡಿದಳು. ಒಲೆಯ ಪಕ್ಕ ಅಜ್ಜಿ ದಿನವೂ ಬಾಚಿ ಹಾಕಿದ್ದ ಆರು ದಿನದ ಬೂದಿ. ಬಹಳ ಹೊತ್ತು ನೋಡಿದಳಂತೆ. ಆಮೇಲೆ, "ಏಳಿ ಅಕ್ಕಾ, ತಡ ಆಗ್ತಿದೆ" ಅಂದು ಕೈ ಕೊಟ್ಟಳು. ಕೆಂಡ ಕೆಳಗಿಡಲು ಅವಳಿಗೆ ನೆನಪಾಗಲಿಲ್ಲ.

"ನಚಿಸಾಲೆ," ಎಂದು ಮತ್ತೊಮ್ಮೆ ಕರೆದೆ.

"ಇದೀನಿ."

ಕೆಂಡವನ್ನು ಬಾಗಿಲ ಹೊರಗಿಟ್ಟಳು. ಪ್ರಾರ್ಥನೆ ಮುಗಿಯುವವರೆಗೂ ಅದು ಹೊಗೆಯಾಡುತ್ತಿತ್ತು. ಇದು ಧೂಪವೇ ಎಂದು ಒಂದು ಮಗು ಕೇಳಿತು. ನಮ್ಮ ಸಭೆಯಲ್ಲಿ ಧೂಪ ಹಾಕುವುದಿಲ್ಲ ಎಂದೆ. ಎರಡನೇ ಹಾಡಿನಲ್ಲಿ ಲಮೇಕಿ ಹಿಂದೆ ಬಿದ್ದ. ನಚಿಸಾಲೆ ಕತ್ತು ಚಾಚಿ ನೋಡಿ, ಓಹೋ ಎಂಬಂತೆ ತಲೆಯಾಡಿಸಿದಳು.

ಮುಗಿದ ಮೇಲೆ ನಾನು ಅವಳ ಮುಂದೆ ಹೋಗಿ ಮಂಡಿಯೂರಿ ಕೂತೆ. ನಮ್ಮಲ್ಲಿ ಗಂಡಸರು ಹಾಗೆ ಕೂರುವುದಿಲ್ಲ. ಡೊರಿಕಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಕ್ಕಾ, ನಾವು ಫುಂಗುಗಳಲ್ಲ. ಆ ಕೋಳಿಗಳನ್ನ ದೇವರು ಕೇಳಿರ್ಲಿಲ್ಲ. ನಾವು ತಿಂದ್ವಿ, ಅಷ್ಟೇ."

"ಈಗ ಗೊತ್ತಾಯ್ತು," ಅಂದಳು. ಸ್ವಲ್ಪ ಯೋಚಿಸಿ, "ಆದ್ರೆ ಚೆನ್ನಾಗಿ ತಿಂದ್ರಿ" ಅಂದಳು.

ಜೂನ್ ಮೊದಲ ಭಾನುವಾರ ಪಾದ್ರಿಯವರು ಬಂದರು. ನಚಿಸಾಲೆ ಎಲ್ಲ ಪ್ರಶ್ನೆಗೂ ಉತ್ತರ ಹೇಳಿದಳು. ಪ್ರಾರ್ಥನೆಯನ್ನು ಆಹಾರದ ಕಡೆ ನಿಲ್ಲದೆ ಹೇಳಿದಳು. ಅಲ್ಲಿಗೆ ಬಂದಾಗ ಹಾಡುಗಾರರ ಕಡೆ ಒಮ್ಮೆ ನೋಡಿದ್ದು ನಿಜ. ಹೊಸ ಹೆಸರು ಯಾವುದು ಬೇಕು ಎಂದು ಪಾದ್ರಿಯವರು ಕೇಳಿದರು.

"ಮಾರ್ಥಾ."

"ಮರಿಯಾ ಅಂತ ಇಡ್ಬಹುದಲ್ಲಮ್ಮ? ಸ್ವಾಮಿಯ ಪಾದದ ಹತ್ರ ಕೂತವಳು."

"ನೆಂಟರು ಬಂದಾಗ ಅಡುಗೆಮನೆಯಲ್ಲಿ ಒಬ್ಳೇ ಇದ್ದವಳು ಮಾರ್ಥಾ ಅಲ್ವಾ?"

"ಹೌದು."

"ಅದೇ ಇರಲಿ."

ಚುಕ್ಕಿ ಹೇಟೆ ಒಂಬತ್ತು ಮರಿ ಮಾಡಿತ್ತು. ಎರಡನ್ನು ಹದ್ದು ಒಯ್ದಿತು. ಉಳಿದವುಗಳಲ್ಲಿ ಒಂದು ಹುಂಜವಾಯಿತು. ಅದನ್ನು ಅವಳು ಯಾರಿಗೂ ಕೊಯ್ಯಲಿಲ್ಲ. "ಅಕ್ಕಂಗೆ ಬೆಳಗಾಗ್ಬೇಕಲ್ಲ" ಅನ್ನುತ್ತಿದ್ದಳು. ಫಾಲೇಸಿ ಅಜ್ಜಿಗೆ ಇನ್ನೂ ನಾಲ್ಕು ವರ್ಷ ಅದರ ಕೂಗಿನಲ್ಲೇ ಬೆಳಗಾಯಿತು. ಅವಳು ಹೋದ ದಿನ ನಾವೆಲ್ಲ ಹಿಟ್ಟು ಹೊತ್ತುಕೊಂಡು ಹೋದೆವು. ಆ ಮನೆಯ ಒಲೆ ಹೊತ್ತಿಸಲು ಕೆಂಡ ಬಂದದ್ದು ಹಳ್ಳದಾಚೆಯಿಂದ.

ಈಗ ಹೊಸಬರು ಬಂದರೆ ನಾವು ಗುಂಪಾಗಿ ಹೋಗುವುದಿಲ್ಲ. ಅವರ ಮನೆಗೆ ಹತ್ತಿರವಿರುವ ಯಾರಾದರೊಬ್ಬರ ಒಲೆಗೆ ಬೆಳಿಗ್ಗೆ ನೀರು ಬೀಳುತ್ತದೆ. ಹೆಚ್ಚಾಗಿ ಮಾರ್ಥಾಳ ಒಲೆಗೆ. ಡೊರಿಕಾಳ ಒಲೆಗೂ ಬಿದ್ದಿದೆ. ಒಮ್ಮೆ ಬುಟ್ಟಿ ಹೆಣೆಯುವ ಗಂಡಹೆಂಡತಿ ಹೊಸದಾಗಿ ಸೇರಿದಾಗ ಲಮೇಕಿಯೇ ಗಡಿಗೆಚೂರು ಹಿಡಿದು ಹೋದ. ಹಾಡಲಿಲ್ಲ.

ಹೊಸಬರು ಹೆಚ್ಚಿದ್ದ ಒಂದು ವರ್ಷ ಪಾದ್ರಿಯವರು ಬೆಳಿಗ್ಗೆ ಬೇಗ ಬಂದವರು ದಾರಿಯಲ್ಲಿ ಇದನ್ನೆಲ್ಲ ನೋಡಿದರು. ಇಷ್ಟು ಮನೆಗಳಲ್ಲಿ ಬೆಂಕಿ ಆರಿದೆ, ಜನ ಚಳಿಯಲ್ಲಿ ಕೆಂಡಕ್ಕೆ ಅಲೆಯುತ್ತಿದ್ದಾರೆ ಎಂದು ಅವರಿಗೆ ಬಹಳ ನೋವಾಯಿತು. ದೊಡ್ಡ ಸಭೆಯಿಂದ ಒಂದು ದೊಡ್ಡ ಪೆಟ್ಟಿಗೆ ತುಂಬ ಬೆಂಕಿಪೊಟ್ಟಣ ಕಳಿಸಿಕೊಟ್ಟರು. ಅವರ ಮನಸ್ಸು ಒಳ್ಳೆಯದು. ವಂದನೆಯ ಪತ್ರ ನಾನೇ ಬರೆದೆ.

ಪೆಟ್ಟಿಗೆ ಪ್ರಾರ್ಥನೆಯ ಮನೆಯ ಹಿಂದಿನ ಕೋಣೆಯಲ್ಲಿದೆ. ಛಾವಣಿ ಈಗ ಗಟ್ಟಿಯಾಗಿರುವುದರಿಂದ ನೆನೆದಿಲ್ಲ. ಇನ್ನೂ ಯಾರೂ ತೆರೆದಿಲ್ಲ.